ಹುಟ್ಟಿನಿಂದ ಬಂದದ್ದಾದರೆ ಮಾತ್ರ ಒಪ್ಪಬೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಅಕ್ಕನ ಮಗನಿಗೆ ಇಪ್ಪತ್ತಾರು ವರ್ಷ. ತನಗೆ ಹುಡುಗಿಯರ ಮೇಲೆ ಆಕರ್ಷಣೆಯಿಲ್ಲ, ಗಂಡಸರ ಮೇಲಿದೆ ಎಂದು ದೀಪಾವಳಿಗೆ ಊರಿಗೆ ಬಂದಾಗ ಹೇಳಿದ. ಅಂದಿನಿಂದ ಭಾವ ಅವನ ಜೊತೆ ಮಾತು ಬಿಟ್ಟಿದ್ದಾರೆ. ನೆಂಟರಲ್ಲಿ ಎರಡು ಪಂಗಡವಾಗಿದೆ. ಒಬ್ಬರು, ‘ಮೈಬಣ್ಣ, ಜನಾಂಗ ಹುಟ್ಟಿನಿಂದ ಬರುವ ಹಾಗೆ ಇದೂ ಹುಟ್ಟುಗುಣ, ಸುಟ್ಟರೂ ಹೋಗದು, ಬೈದು ಪ್ರಯೋಜನವಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು, ‘ಇದು ಧರ್ಮ ಇದ್ದ ಹಾಗೆ, ಸಹವಾಸದಿಂದ ಬಂದದ್ದು, ಮನಸ್ಸು ಮಾಡಿದರೆ ಬಿಡಬಹುದು. ಒಂದು ಮದುವೆ ಮಾಡಿ, ಸರಿಹೋಗುತ್ತಾನೆ’ ಎನ್ನುತ್ತಾರೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕ. ಇದು ಹುಟ್ಟಿನಿಂದಲೇ ಬರುತ್ತದೆ ಎಂದು ಸಾಬೀತಾಗಿದ್ದರೆ ಭಾವನನ್ನು ಒಪ್ಪಿಸಬಲ್ಲೆ. ದಯವಿಟ್ಟು ತಿಳಿಸಿ.

ಉತ್ತರ: ನೇರವಾಗಿ ಹೇಳುತ್ತೇನೆ. ನಿಮ್ಮ ಸೋದರಳಿಯ ಇದನ್ನು ಆರಿಸಿಕೊಂಡಿಲ್ಲ. ಯಾರ ಸಹವಾಸದಿಂದಲೂ ಇದು ಅವನಿಗೆ ಅಂಟಿಲ್ಲ. ಔಷಧಿ, ಹರಕೆ, ಮದುವೆ, ಯಾವುದರಿಂದಲೂ ಇದು ಬದಲಾಗುವುದಿಲ್ಲ. ಮನೋವೈದ್ಯೆಯಾಗಿ ಇಷ್ಟನ್ನು ನಾನು ಅಳುಕಿಲ್ಲದೆ ಹೇಳಬಲ್ಲೆ. ‘ಹುಟ್ಟಿನಿಂದಲೇ ಬಂದದ್ದೇ?’ ಎಂಬುದಕ್ಕೆ ಮಾತ್ರ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಬಹುಮಟ್ಟಿಗೆ ಹೌದು, ಆದರೆ ನಿಮ್ಮ ನೆಂಟರು ಹೇಳುವಷ್ಟು ಸರಳವಾಗಿ ಅಲ್ಲ. ಇನ್ನು, ಸಾಬೀತಾಗಿದ್ದರೆ ಒಪ್ಪಿಸುತ್ತೇನೆ ಎಂಬ ನಿಮ್ಮ ಮಾತಿಗೆ ನನ್ನ ಆಕ್ಷೇಪವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ವಿಜ್ಞಾನದ ಮೇಷ್ಟ್ರು, ಆದ್ದರಿಂದ ಸಾಕ್ಷ್ಯವನ್ನು ಮೊದಲು ನೋಡೋಣ. 1991ರಲ್ಲಿ ಅಮೆರಿಕದ ಮೈಕೆಲ್ ಬೈಲಿ ಮತ್ತು ರಿಚರ್ಡ್ ಪಿಲ್ಲಾರ್ಡ್ ಅವಳಿ ಸಹೋದರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ಸಲಿಂಗಿಯಾಗಿದ್ದರೆ ಜೊತೆಗೆ ಹುಟ್ಟಿದವನೂ ಹಾಗೆಯೇ ಇರುವ ಪ್ರಮಾಣ ಏಕರೂಪಿ ಅವಳಿಗಳಲ್ಲಿ ಶೇ 52 ಇತ್ತು, ಭಿನ್ನರೂಪಿ ಅವಳಿಗಳಲ್ಲಿ ಶೇ 22. ದತ್ತು ಬಂದ ಸಹೋದರರಲ್ಲಿ ಶೇ 11. ರಕ್ತ ಹತ್ತಿರವಾದಷ್ಟೂ ಹೋಲಿಕೆ ಹೆಚ್ಚು ಎಂದು ಎಲ್ಲರೂ ಓದಿಕೊಂಡರು. ಆದರೆ ಈ ಅಧ್ಯಯನಕ್ಕೆ ಜನರನ್ನು ಜಾಹೀರಾತು ಕೊಟ್ಟು ಸೇರಿಸಲಾಗಿತ್ತು. ಜಾಹೀರಾತು ಓದಿ ಬರುವವರಲ್ಲಿ ಇಬ್ಬರೂ ಸಲಿಂಗಿಗಳಾದ ಅವಳಿಗಳೇ ಹೆಚ್ಚಿರುವ ಸಂಭವವಿದೆ. ಬೈಲಿ ಅವರೇ ಆಸ್ಟ್ರೇಲಿಯದ ಅವಳಿಗಳ ನೋಂದಣಿ ಪಟ್ಟಿಯನ್ನು ಹಿಡಿದು ಮತ್ತೆ ನೋಡಿ 2000ದಲ್ಲಿ ಪ್ರಕಟಿಸಿದಾಗ, ಏಕರೂಪಿ ಗಂಡು ಅವಳಿಗಳಲ್ಲಿ ಆ ಪ್ರಮಾಣ ಶೇ 20ಕ್ಕೆ ಇಳಿಯಿತು. ಅಂದರೆ ಅಕ್ಷರಶಃ ಒಂದೇ ವಂಶವಾಹಿಗಳನ್ನು (ಜೀನ್‌ಗಳನ್ನು) ಹಂಚಿಕೊಂಡ ಇಬ್ಬರಲ್ಲಿ ಒಬ್ಬ ಸಲಿಂಗಿಯಾಗಿದ್ದರೂ ಬಹುಪಾಲು ಸಂದರ್ಭಗಳಲ್ಲಿ ಇನ್ನೊಬ್ಬ ಅಲ್ಲ.

ಇದರ ನಡುವೆ 1993ರಲ್ಲಿ ಡೀನ್ ಹೇಮರ್ ಎಂಬ ವಿಜ್ಞಾನಿ ಎಕ್ಸ್ ವರ್ಣತಂತುವಿನ ಒಂದು ಭಾಗಕ್ಕೂ ಗಂಡಸರ ಸಲಿಂಗಾಕರ್ಷಣೆಗೂ ನಂಟು ಕಂಡಿದೆ ಎಂದರು. ‘ಸಲಿಂಗಿ ಜೀನ್’ ಸಿಕ್ಕಿತು ಎಂದು ಪತ್ರಿಕೆಗಳು ದೊಡ್ಡದಾಗಿ ಬರೆದವು. ಸಿಕ್ಕಿರಲಿಲ್ಲ. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ಜಾಲಾಡಿದ ಅಧ್ಯಯನ ಬಂತು. ಸಲಿಂಗ ಸಂಬಂಧದೊಂದಿಗೆ ಖಚಿತ ನಂಟು ಇರುವ ಐದು ತಾಣಗಳು ಅದಕ್ಕೆ ಕಂಡವು, ಒಂದೊಂದರ ಪ್ರಭಾವವೂ ಅತ್ಯಲ್ಪ. ಜನರ ನಡುವಿನ ವ್ಯತ್ಯಾಸದಲ್ಲಿ ಶೇ 8ರಿಂದ 25ರಷ್ಟನ್ನು ಸಾಮಾನ್ಯ ವಂಶವಾಹಿ ಭೇದಗಳು ಒಟ್ಟಾಗಿ ವಿವರಿಸಬಹುದು ಎಂದು ಅದು ಲೆಕ್ಕ ಹಾಕಿತು. ಯಾರೊಬ್ಬರ ರಕ್ತ ಪರೀಕ್ಷಿಸಿಯೂ ಅವರ ಒಲವು ಹೇಳಲು ಬರುವುದಿಲ್ಲ. ನಿಮ್ಮ ಅಳಿಯನ ಒಳಗೆ ತೋರಿಸಬಲ್ಲ ‘ಆ ಒಂದು ಜೀನ್’ ಇಲ್ಲ.

ಇಲ್ಲಿಗೆ ಬಂದ ಕೂಡಲೇ ಜನ ಒಂದು ತಪ್ಪು ಹೆಜ್ಜೆ ಇಡುತ್ತಾರೆ. ಜೀನ್ ಅಲ್ಲದಿದ್ದರೆ ಬೆಳೆಸಿದ ರೀತಿ ಕಾರಣವಿರಬೇಕು, ತಾಯಿ ಮುದ್ದು ಮಾಡಿದ್ದು ಹೆಚ್ಚಾಯಿತು, ತಂದೆ ದೂರ ನಿಂತರು ಎಂದು ಶುರುವಾಗುತ್ತದೆ. ವಂಶವಾಹಿಗೂ ಪಾಲನೆಗೂ ನಡುವೆ ಗರ್ಭದ ಒಂಬತ್ತು ತಿಂಗಳು ಇವೆ ಎಂಬುದು ಮರೆತುಹೋಗುತ್ತದೆ. ಅಲ್ಲಿ ಸಿಕ್ಕಿರುವ ಸಾಕ್ಷ್ಯ ಬಹಳ ಕುತೂಹಲದ್ದು. ಕೆನಡಾದ ರೇ ಬ್ಲಾಂಚರ್ಡ್ ಮತ್ತು ಆಂಟನಿ ಬೊಗಾರ್ಟ್ 1996ರಲ್ಲಿ ಗಮನಿಸಿದಂತೆ, ಒಬ್ಬ ಗಂಡುಮಗನಿಗೆ ಅಣ್ಣಂದಿರು ಹೆಚ್ಚಿದಷ್ಟೂ ಅವನು ಸಲಿಂಗಿಯಾಗುವ ಸಂಭವ ಏರುತ್ತದೆ, ಒಬ್ಬೊಬ್ಬ ಅಣ್ಣನಿಗೆ ಸುಮಾರು ಶೇ 33ರಷ್ಟು. ಅಕ್ಕಂದಿರು ಎಷ್ಟಿದ್ದರೂ ಇಂಥ ಏರಿಕೆ ಇಲ್ಲ. ಅಣ್ಣಂದಿರ ಜೊತೆ ಬೆಳೆದದ್ದು ಕಾರಣವೇ? 2006ರಲ್ಲಿ ಬೊಗಾರ್ಟ್ ಅದನ್ನೂ ಪರೀಕ್ಷಿಸಿದರು. ದತ್ತು ಬಂದ ಅಣ್ಣಂದಿರು, ಮಲ ಅಣ್ಣಂದಿರು ಒಂದೇ ಮನೆಯಲ್ಲಿ ವರ್ಷಗಟ್ಟಲೆ ಜೊತೆಗಿದ್ದರೂ ಪರಿಣಾಮವಿಲ್ಲ. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಬೇರೆ ಮನೆಯಲ್ಲಿ ಬೆಳೆದಿದ್ದರೂ ಪರಿಣಾಮವಿದೆ. ಗಂಡು ಭ್ರೂಣದ ಒಂದು ಪ್ರೋಟೀನಿಗೆ ತಾಯಿಯ ದೇಹ ಪ್ರತಿಕಾಯ ತಯಾರಿಸುತ್ತದೆ, ಪ್ರತಿ ಗಂಡುಮಗುವಿನೊಂದಿಗೆ ಅದು ಹೆಚ್ಚುತ್ತದೆ ಎಂಬ ವಿವರಣೆಗೆ ಸ್ವಲ್ಪ ಆಧಾರವೂ ಸಿಕ್ಕಿದೆ. ಆದರೆ ಸಂಖ್ಯೆಯನ್ನು ಅಳತೆಯಲ್ಲಿಡಿ: ಮೂಲ ಸಂಭವ ನೂರಕ್ಕೆ ಎರಡು ಎಂದುಕೊಂಡರೆ ಮೂವರು ಅಣ್ಣಂದಿರಿರುವವನಿಗೆ ಅದು ನೂರಕ್ಕೆ ನಾಲ್ಕೂವರೆಯ ಆಸುಪಾಸು. ಅಂಥ ನೂರರಲ್ಲಿ ತೊಂಬತ್ತೈದು ಮಂದಿ ಸಲಿಂಗಿಗಳಲ್ಲ. ಎಲ್ಲರಿಗೂ ಒಂದೇ ಕಾರಣ ಹೇಳಲು ಹೊರಟರೆ ವಿಜ್ಞಾನ ಕೈಕೊಡುತ್ತದೆ.

ಪಾಲನೆಯ ವಾದಕ್ಕೆ ಅತ್ಯಂತ ಗಟ್ಟಿ ಉತ್ತರ ಒಂದು ದುಃಖದ ದಾಖಲೆಯಲ್ಲಿದೆ. ಹುಟ್ಟಿನ ಅಂಗದೋಷದಿಂದಲೋ ಶಸ್ತ್ರಚಿಕಿತ್ಸೆಯ ಅವಘಡದಿಂದಲೋ ಶಿಶ್ನವಿಲ್ಲದ ಗಂಡುಶಿಶುಗಳನ್ನು ಹಿಂದೆ ವೈದ್ಯರು ಹೆಣ್ಣುಮಕ್ಕಳಾಗಿ ಬೆಳೆಸಲು ಸಲಹೆ ಕೊಡುತ್ತಿದ್ದರು. ಹೆಸರು, ಬಟ್ಟೆ, ಆಟಿಕೆ ಎಲ್ಲವೂ ಹೆಣ್ಣಿನವು. ದೊಡ್ಡವರಾದ ಮೇಲೆ ಅವರ ಒಲವು ಎತ್ತ ಎಂದು ದಾಖಲಾಗಿದ್ದ ಏಳು ಪ್ರಕರಣಗಳನ್ನು 2016ರ ಒಂದು ವಿಮರ್ಶಾ ಲೇಖನ ಒಟ್ಟುಗೂಡಿಸಿತು. ಏಳೂ ಮಂದಿ ಮುಖ್ಯವಾಗಿ ಹೆಂಗಸರತ್ತಲೇ ಆಕರ್ಷಿತರಾಗಿದ್ದರು. ಶಿಶುವಾಗಿದ್ದಾಗಿನಿಂದಲೇ ಹೆಣ್ಣಾಗಿ ಬೆಳೆಸಿದರೂ ಕದಲದ ಆಕರ್ಷಣೆ ಹಾಸ್ಟೆಲಿನ ಗೆಳೆಯರ ಸಹವಾಸದಿಂದ ಹುಟ್ಟುತ್ತದೆ ಎನ್ನುವುದಕ್ಕೆ ಏನು ಆಧಾರ?

ತರಗತಿಯಲ್ಲಿ ಹೇಳಲು ಅನುಕೂಲವಾಗಲಿ ಎಂದು ಎಡಗೈಯ ಉದಾಹರಣೆ ಕೊಡುತ್ತೇನೆ. ಎಡಗೈ ಬಳಕೆಯಲ್ಲೂ ವಂಶವಾಹಿಗಳ ಪಾಲು ಸುಮಾರು ನಾಲ್ಕನೇ ಒಂದು ಮಾತ್ರ. ಏಕರೂಪಿ ಅವಳಿಗಳಲ್ಲೂ ಒಬ್ಬ ಎಡಚ, ಇನ್ನೊಬ್ಬ ಬಲಗೈಯವ ಆಗುವುದುಂಟು. ಆದರೂ ಯಾವ ಮಗುವೂ ಕುಳಿತು ಯೋಚಿಸಿ ಎಡಗೈಯನ್ನು ಆರಿಸಿಕೊಂಡಿಲ್ಲ. ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದ ಮಗುವಿನ ಕೈಗೆ ಫಟ್ಟೆಂದು ಹೊಡೆದದ್ದು, ಸ್ಲೇಟಿನ ಮುಂದೆ ಬಳಪವನ್ನು ಬಲಗೈಗೆ ತುರುಕಿದ್ದು ನಮ್ಮ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಮಗು ಬಲಗೈಯಲ್ಲಿ ಬರೆಯಲು ಕಲಿಯಿತು. ಚೆಂಡು ಎಸೆಯುವಾಗ, ಗಾಬರಿಯಲ್ಲಿ ಏನನ್ನಾದರೂ ಹಿಡಿಯುವಾಗ ಮುಂದೆ ಬಂದದ್ದು ಎಡಗೈಯೇ. ನಡವಳಿಕೆಯನ್ನು ಬಗ್ಗಿಸಬಹುದು, ಒಲವನ್ನು ಬಗ್ಗಿಸಲಾಗದು. ಮದುವೆಯಾಗಿ ಮಕ್ಕಳನ್ನು ಪಡೆದು ನಲವತ್ತು ದಾಟಿದ ಮೇಲೆ ನನ್ನ ಬಳಿ ಬಂದು ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ನೋಡಿ ಮಾತು ಶುರು ಮಾಡುವ ಗಂಡಸರು ಇದಕ್ಕೆ ಸಾಕ್ಷಿ.

ಇಷ್ಟಾಗಿಯೂ ಒಂದು ಮಾತು ಸೇರಿಸಬೇಕು. ಕೆಲವರ, ಅದರಲ್ಲೂ ಕೆಲವು ಮಹಿಳೆಯರ ಆಕರ್ಷಣೆ ವರ್ಷಗಳು ಕಳೆದಂತೆ ತಾನಾಗಿ ಹೊರಳುವುದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಸಾ ಡೈಮಂಡ್ ಹತ್ತು ವರ್ಷ ಮಹಿಳೆಯರ ಒಂದು ಗುಂಪನ್ನು ಹಿಂಬಾಲಿಸಿ ಇದನ್ನು ದಾಖಲಿಸಿದ್ದಾರೆ. ತಾನಾಗಿ ಹೊರಳುವುದು ಬೇರೆ, ಬೇರೆಯವರು ಹಿಡಿದು ತಿರುಗಿಸುವುದು ಬೇರೆ. ತಿರುಗಿಸಲು ವಿದ್ಯುತ್ ಶಾಕ್, ವಾಂತಿ ಬರಿಸುವ ಔಷಧ, ಹಾರ್ಮೋನು, ಪ್ರಾರ್ಥನೆ ಎಲ್ಲವನ್ನೂ ಪ್ರಯೋಗಿಸಿ ಆಗಿದೆ. ಸಲಿಂಗಾಕರ್ಷಣೆಯನ್ನು ಅಮೆರಿಕದ ಮನೋರೋಗಗಳ ಪಟ್ಟಿಯಿಂದ 1973ರಲ್ಲಿ ತೆಗೆಸುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದ ರಾಬರ್ಟ್ ಸ್ಪಿಟ್ಜರ್ ಅವರೇ, ಕೆಲವರು ಬದಲಾಗಬಲ್ಲರು ಎಂಬ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿ, 2012ರಲ್ಲಿ ಅದು ದೋಷಪೂರ್ಣವೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಮರುವರ್ಷ, ಇಂಥ ‘ಪರಿವರ್ತನೆ’ಯನ್ನೇ ಕಾಯಕ ಮಾಡಿಕೊಂಡಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ ಕ್ಷಮೆ ಯಾಚಿಸಿ ಬಾಗಿಲು ಹಾಕಿತು.

ಇನ್ನು ನಿಮ್ಮ ಮೊದಲ ನೆಂಟರ ಹೋಲಿಕೆ. ಜನಾಂಗ ಹುಟ್ಟಿನಿಂದ ಬರುತ್ತದೆ ಎನ್ನುವುದು ಎಲ್ಲರಿಗೂ ಪ್ರಶ್ನೆಯೇ ಇಲ್ಲದ ಸತ್ಯವಾಗಿ ಕಾಣುತ್ತದೆ. ಮೈಬಣ್ಣ ಹುಟ್ಟಿನಿಂದ ಬರುತ್ತದೆ, ನಿಜ. ಜನಾಂಗ ಎಂಬ ಹಣೆಪಟ್ಟಿಯನ್ನು ಮಾತ್ರ ಕಚೇರಿಗಳು ಬರೆಯುತ್ತವೆ. ದಕ್ಷಿಣ ಆಫ್ರಿಕದ ಸಾಂಡ್ರಾ ಲೈಂಗ್ 1955ರಲ್ಲಿ ಬಿಳಿಯರೆಂದು ದಾಖಲಾಗಿದ್ದ ತಂದೆತಾಯಿಗೆ ಹುಟ್ಟಿದವರು. ಮೈಬಣ್ಣ ಕಂದು, ಕೂದಲು ಗುಂಗುರು. ಬಿಳಿಯರ ಶಾಲೆಯಲ್ಲಿ ಓದುತ್ತಿದ್ದ ಹತ್ತು ವರ್ಷದ ಹುಡುಗಿಯನ್ನು ಪೊಲೀಸರು ಬಂದು ಹೊರಗೆ ಕರೆದೊಯ್ದರು. 1966ರಲ್ಲಿ ಸರ್ಕಾರ ಅವಳನ್ನು ಮಿಶ್ರವರ್ಣದವಳೆಂದು ಬರೆಯಿತು. ತಂದೆ ಹೋರಾಡಿದರು, ಕಾನೂನು ತಿದ್ದುಪಡಿಯಾಯಿತು, 1967ರಲ್ಲಿ ಅವಳು ದಾಖಲೆಯಲ್ಲಿ ಮತ್ತೆ ಬಿಳಿಯಳಾದಳು. ಮೈಯಲ್ಲಿ ಒಂದು ಕೂದಲೂ ಬದಲಾಗದೆ ಜನಾಂಗ ಎರಡು ಬಾರಿ ಬದಲಾಯಿತು. ಭಾರತೀಯರಿಗೂ ಇದು ತಟ್ಟಿದೆ: ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ‘ಬಿಳಿಯ’ರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ 85 ಒಂದೊಂದು ಸಮುದಾಯದ ಒಳಗೇ ಇರುತ್ತದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲೇ ತೋರಿಸಿದ್ದರು.

ಜನಾಂಗಭೇದ ಏಕೆ ತಪ್ಪು? ‘ಪಾಪ, ಅವರೇನು ಮಾಡಲಾದೀತು, ಹಾಗೆ ಹುಟ್ಟಿದ್ದಾರೆ’ ಎಂಬುದು ಕಾರಣವಾಗಲಾರದು. ಮೈಬಣ್ಣ ಬದಲಿಸುವ ಮಾತ್ರೆಯೊಂದು ನಾಳೆ ಅಂಗಡಿಗೆ ಬಂತು ಎಂದುಕೊಳ್ಳಿ. ಅದನ್ನು ನುಂಗಲು ಒಪ್ಪದ ಕಪ್ಪು ಹುಡುಗಿಯನ್ನು ಹೀಯಾಳಿಸುವುದು ಅಂದಿನಿಂದ ನ್ಯಾಯವಾಗುತ್ತದೆಯೇ? ಆಗುವುದಿಲ್ಲ, ಏಕೆಂದರೆ ಕಪ್ಪಾಗಿರುವುದರಲ್ಲಿ ತಪ್ಪೇ ಇಲ್ಲ.

ಎರಡನೆಯ ನೆಂಟರದು ಧರ್ಮದ ಹೋಲಿಕೆ. ವಾಸ್ತವವಾಗಿ ಧರ್ಮಕ್ಕೂ ಲೈಂಗಿಕ ಒಲವಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಧರ್ಮ ಸಾಮಾನ್ಯವಾಗಿ ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ, ನೋಡಿ ಕಲಿತು ಬರುತ್ತದೆ. ಸಲಿಂಗಿಗಳಲ್ಲಿ ಬಹುಪಾಲು ಮಂದಿ ಗಂಡು–ಹೆಣ್ಣು ದಾಂಪತ್ಯದ ಮನೆಯಲ್ಲಿ, ಅದನ್ನೇ ನೋಡುತ್ತ, ಮದುವೆ ಮನೆಗಳಲ್ಲಿ ಓಡಾಡುತ್ತ ಬೆಳೆದವರು. ಕಲಿಸಿದ್ದರಿಂದ ಬರುವುದಾಗಿದ್ದರೆ ನಿಮ್ಮ ಅಳಿಯನಿಗೆ ಇದು ಬರಲು ದಾರಿಯೇ ಇರಲಿಲ್ಲ.

ಆದರೆ ಅವರ ಹೋಲಿಕೆಯನ್ನು ಹಾಗೆಯೇ ಒಪ್ಪಿಕೊಂಡರೂ ಅವರಿಗೆ ಬೇಕಾದ ತೀರ್ಮಾನ ಅದರಿಂದ ಸಿಗುವುದಿಲ್ಲ. ಧರ್ಮವನ್ನು ಬದಲಿಸಬಹುದು, ತಿಳಿದು ಯೋಚಿಸಿ ಬದಲಿಸಬಹುದು. ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಡಾ. ಅಂಬೇಡ್ಕರ್ 1935ರಲ್ಲಿ ಯೇವಲೆಯಲ್ಲಿ ಘೋಷಿಸಿದರು. ಎರಡು ದಶಕ ಓದಿ, ಚಿಂತಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿನ ಜಾತಿ ಬಿಟ್ಟು ಇಷ್ಟಲಿಂಗ ಕಟ್ಟಿಕೊಂಡವರು ಆರಿಸಿಕೊಂಡೇ ಬಂದವರು. ಹೇಗೂ ಬದಲಿಸಬಹುದಲ್ಲ ಎಂದು ಯಾರದಾದರೂ ಧರ್ಮದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಿದರೆ, ನಿಮ್ಮ ನೆಂಟರು ಒಪ್ಪುತ್ತಾರೆಯೇ? ಅವರ ಧರ್ಮವನ್ನೇ ಬಲವಂತವಾಗಿ ಬಿಡಿಸಲು ಯಾರಾದರೂ ಬಂದರೆ? ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಕೂಡದ ಆಧಾರಗಳನ್ನು ಪಟ್ಟಿ ಮಾಡುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ. ಐದರಲ್ಲಿ ಬದಲಿಸಬಹುದಾದ ಧರ್ಮವೇ ಮೊದಲು ಬಂದಿದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರತಂದಾಗ ನ್ಯಾಯಮೂರ್ತಿ ಇಂದೂ ಮಲ್ಹೋತ್ರ ಇದೇ ಎಳೆಯನ್ನು ಹಿಡಿದಿದ್ದರು. ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ವ್ಯಕ್ತಿಯ ಹಿಡಿತದಲ್ಲಿಲ್ಲದವು; ಧರ್ಮ ವ್ಯಕ್ತಿಯ ಮೂಲಭೂತ ಆಯ್ಕೆ; ಎರಡೂ ಬಗೆಯವು ಮನುಷ್ಯನ ಸ್ವಾಯತ್ತತೆಗೆ ಸೇರಿದವು, ಆದ್ದರಿಂದ ಎರಡಕ್ಕೂ ರಕ್ಷಣೆ ಎಂಬುದು ಅವರ ತರ್ಕ. 1995ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೂಡ, ಒಲವಿಗೆ ಜೈವಿಕ ಕಾರಣವಿದೆಯೇ ಎಂಬುದು ವಿವಾದದ ವಿಷಯವಿರಬಹುದು, ಆದರೆ ಅದು ಬದಲಿಸಲಾಗದ, ಅಥವಾ ಒಪ್ಪಲಾಗದಷ್ಟು ಬೆಲೆ ತೆತ್ತು ಮಾತ್ರ ಬದಲಿಸಬಹುದಾದ ಆಳದ ಗುಣ, ರಕ್ಷಣೆಗೆ ಅಷ್ಟು ಸಾಕು ಎಂದಿತ್ತು. ಜೀನ್ ಹುಡುಕಿ ತನ್ನಿ, ಆಮೇಲೆ ನೋಡೋಣ ಎಂದು ಎರಡೂ ನ್ಯಾಯಾಲಯಗಳು ಹೇಳಲಿಲ್ಲ.

ನನ್ನ ಆಕ್ಷೇಪ ಈಗ ನಿಮಗೆ ಅರ್ಥವಾಗಿರಬಹುದು. ಹುಟ್ಟಿನಿಂದ ಬಂದದ್ದು ಎಂದು ತೋರಿಸಿದರೆ ಜನ ಕರುಣೆ ತೋರುತ್ತಾರೆ ಎಂಬ ನಂಬಿಕೆಗೆ ಚರಿತ್ರೆಯ ಬೆಂಬಲವಿಲ್ಲ. ಜರ್ಮನಿಯ ವೈದ್ಯ ಮಾಗ್ನಸ್ ಹಿರ್ಶ್‌ಫೆಲ್ಡ್ 1897ರಿಂದ ಇದೇ ವಾದ ಮಂಡಿಸುತ್ತಿದ್ದರು: ಇದು ಜನ್ಮಜಾತ, ಆದ್ದರಿಂದ ಶಿಕ್ಷಿಸುವ ಕಾನೂನು ತೆಗೆಯಿರಿ. 1933ರ ಮೇ ತಿಂಗಳಲ್ಲಿ ನಾಜಿಗಳು ಅವರ ಸಂಶೋಧನಾ ಸಂಸ್ಥೆಯನ್ನು ಲೂಟಿ ಮಾಡಿ ಪುಸ್ತಕಗಳಿಗೆ ಬೆಂಕಿಯಿಟ್ಟರು. ಜನ್ಮಜಾತವಾದರೆ ದೇಹವನ್ನೇ ತಿದ್ದಬಹುದು ಎಂಬ ದಾರಿಯಲ್ಲಿ ಕಾರ್ಲ್ ವಾರ್ನೆಟ್ ಎಂಬ ಡೆನ್ಮಾರ್ಕಿನ ವೈದ್ಯ 1944ರಲ್ಲಿ ಬುಖೆನ್‌ವಾಲ್ಡ್ ಸೆರೆಶಿಬಿರದ ಸಲಿಂಗಿ ಕೈದಿಗಳ ದೇಹದೊಳಗೆ ಹಾರ್ಮೋನಿನ ಕೃತಕ ಗ್ರಂಥಿಗಳನ್ನು ಹೂತಿಟ್ಟು ಪ್ರಯೋಗ ನಡೆಸಿದ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೆಣ್ಣಾಗಿ ಹುಟ್ಟುವುದು ಹುಟ್ಟಿನಿಂದಲೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೂ ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾಯ್ದೆ ಬೇಕಾಯಿತು. ಆ ಕಾಯ್ದೆಗೆ ಮೂವತ್ತು ವರ್ಷ ತುಂಬುತ್ತಿದ್ದಾಗ, 2023ರಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಒಲವನ್ನು ಗರ್ಭದಲ್ಲೇ ಹೇಳಬಲ್ಲ ಪರೀಕ್ಷೆ ಇಲ್ಲದಿರುವುದು ನನಗೆ ನೆಮ್ಮದಿಯ ಸಂಗತಿ.

ಇನ್ನೂ ಒಂದಿದೆ. ಗಂಡು ಹೆಣ್ಣು ಇಬ್ಬರತ್ತಲೂ ಆಕರ್ಷಿತರಾಗುವವರು ಇದ್ದಾರೆ. ಅಂಥ ಗಂಡಸೊಬ್ಬ ಹೆಣ್ಣನ್ನು ಮದುವೆಯಾಗಿ ಸುಖವಾಗಿ ಇರಬಲ್ಲ, ಆದರೂ ತನ್ನ ಪ್ರೀತಿ ಇನ್ನೊಬ್ಬ ಗಂಡಸಿನ ಮೇಲೆ ನಿಂತಿದೆ ಎನ್ನಬಹುದು. ‘ಅವನಿಗೆ ಬೇರೆ ದಾರಿಯಿಲ್ಲ ಪಾಪ’ ಎಂಬ ವಾದ ಅವನ ಕೈ ಬಿಡುತ್ತದೆ. ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಪ್ರೀತಿಸಿದರೆ ಯಾರಿಗೂ ಕೇಡಿಲ್ಲ ಎಂಬ ವಾದ ಅವನನ್ನೂ ನಿಮ್ಮ ಅಳಿಯನನ್ನೂ ಸಮವಾಗಿ ಕಾಯುತ್ತದೆ. ನಾನು ಅದರ ಮೇಲೆ ನಿಲ್ಲುತ್ತೇನೆ.

ಹಾಗಾದರೆ ವಿಜ್ಞಾನದಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ, ನಿಮ್ಮ ಭಾವನವರಿಗೇ ಇದೆ. ಮಾತು ಬಿಟ್ಟ ತಂದೆಯಂದಿರ ಒಳಗೆ ಸಿಟ್ಟಿಗಿಂತ ಹೆಚ್ಚಾಗಿ ‘ನಾನು ಎಲ್ಲಿ ಎಡವಿದೆ’ ಎಂಬ ಕೊರಗು ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೆ ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ: ಅವರೂ ಎಡವಿಲ್ಲ, ಅಕ್ಕನೂ ಎಡವಿಲ್ಲ. ಇದನ್ನು ಅವರಿಗೆ ಮೊದಲು ಹೇಳಿ. ಅಣ್ಣಂದಿರ ಲೆಕ್ಕ, ಅವಳಿಗಳ ಲೆಕ್ಕ ಆಮೇಲೆ.

‘ಸರಿ ಮಾಡುತ್ತೇವೆ’ ಎನ್ನುವ ವೈದ್ಯರ ಹತ್ತಿರ ಕರೆದೊಯ್ಯುವ ಮಾತು ಬಂದರೆ ಅಡ್ಡ ನಿಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರಲ್ಲಿ ‘ಪರಿವರ್ತನಾ ಚಿಕಿತ್ಸೆ’ಯ ವಿರುದ್ಧ ಆದೇಶ ಕೊಟ್ಟರು. ಅದರ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಅಂದರೆ ಅಂಥ ಚಿಕಿತ್ಸೆ ಕೊಡುವ ವೈದ್ಯರ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಮದುವೆಯ ಮಾತು ಬೇಡವೇ ಬೇಡ. ಈ ಚರ್ಚೆಯಲ್ಲಿ ಯಾರೂ ನೆನೆಯದ ಒಬ್ಬಳಿದ್ದಾಳೆ: ನೆಂಟರು ಹುಡುಕಿ ತರುವ ಆ ಹುಡುಗಿ. ಗಂಡ ತನ್ನತ್ತ ಏಕೆ ತಿರುಗಿ ನೋಡುವುದಿಲ್ಲ, ತನ್ನಲ್ಲೇನು ಕೊರತೆ ಎಂದು ವರ್ಷಗಟ್ಟಲೆ ಕನ್ನಡಿ ನೋಡಿಕೊಂಡು ಕುಗ್ಗಿದ ಹೆಂಗಸರು ನನ್ನ ಮುಂದೆ ಕುಳಿತಿದ್ದಾರೆ. ಒಬ್ಬನನ್ನು ‘ಸರಿ ಮಾಡಲು’ ಇನ್ನೊಬ್ಬಳ ಬಾಳನ್ನು ಔಷಧಿಯಾಗಿ ಬಳಸುವ ಹಕ್ಕು ಯಾವ ಕುಟುಂಬಕ್ಕೂ ಇಲ್ಲ.

ಭಾವನವರಿಗೋ ಅಕ್ಕನಿಗೋ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಅಳಿಯನಿಗೂ ನಂಬರ್ ಕೊಟ್ಟಿಡಿ. ಅವನ ಒಲವಿಗೆ ಸಹಾಯವಾಣಿ ಬೇಕಿಲ್ಲ, ತಂದೆ ಮಾತು ಬಿಟ್ಟ ನೋವಿಗೆ ಬೇಕಾಗಬಹುದು. ನೆಂಟರ ಪಂಗಡಗಳಲ್ಲಿ ಅವನ ವಿಷಯ ಚರ್ಚೆಯಾಗುವುದನ್ನು ಇಂದೇ ನಿಲ್ಲಿಸಿ. ಅವನು ಮನೆಯವರಿಗೆ ಹೇಳಿದ್ದನ್ನು ಊರಿಗೆ ಹೇಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಈ ಉತ್ತರವನ್ನು ಭಾವನವರ ಕೈಗಿಡುವ ಮೊದಲು ಅಳಿಯನಿಗೆ ಓದಲು ಕೊಡಿ. ತೋರಿಸಬೇಕೇ, ಯಾವಾಗ ತೋರಿಸಬೇಕು ಎಂದು ಅವನೇ ಹೇಳಲಿ.